ಕೊಡದೆ ಉಳಿದ ಮಾತು

ದ್ಯಾಮಕ್ಕ ಹೊಳೆಯ ದಂಡೆಯ ಮನೆಯ ಮುಂದೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಚನವೀರ ಬಂದವನೇ ಕಾಲಿಗೆ ಬಿದ್ದ.

"ಏಳಪಾ. ಭಾಳ ಹೊತ್ತು ಬಿದ್ಕೊಂಡ್ರ ಜೋಳ ಚೆಲ್ಲತೈತಿ," ಎಂದರು ದ್ಯಾಮಕ್ಕ.

ನಾಟಕ ಕಂಪನಿಗಳಲ್ಲಿ ನಲವತ್ತು ವರ್ಷ ತಾಲೀಮು ಕೊಟ್ಟವರು ಅವರು. ರಂಗದ ಮೇಲೆ ಹೇಗೆ ನಿಲ್ಲಬೇಕು, ಉಸಿರನ್ನು ಎಲ್ಲಿ ಹಿಡಿದು ಎಲ್ಲಿ ಬಿಡಬೇಕು ಎಂಬುದನ್ನು ಚನವೀರ ಕಲಿತದ್ದು ಅವರಿಂದಲೇ. ಕಂಪನಿಯವರಿಗೆಲ್ಲ ಅವರು ಅಕ್ಕಾರು.

"ಸ್ವಂತ ಕಂಪನಿ ಕಟ್ಟೇನ್ರಿ ಅಕ್ಕಾರ. ಬರೋ ಸೋಮವಾರ ಮೊದಲನೇ ಆಟ. ನೀವು ಬಂದು ಕಾಯಿ ಒಡೀಬೇಕು."

"ಈ ಕೈಯಿಂದ ಕಾಯಿ ಒಡದೀತೇನಪಾ? ಆತು, ಬರ್ತೀನಿ. ಯಾರ್ಯಾರನ್ನ ಕೂಡಿಸೀದಿ?"

ಚನವೀರ ಒಬ್ಬೊಬ್ಬರನ್ನೇ ಹೇಳಿದ. ಹಾರ್ಮೋನಿಯಂ, ತಬಲಾ, ನಾಯಕಿ, ಹಾಸ್ಯಗಾರ, ಪರದೆ ಎಳೆಯುವವನು.

"ಪ್ರಾಂಪ್ಟರ್?"

"ಅದೊಂದು ಬೇಕಾಗಿಲ್ರಿ."

ಮೊರ ನಿಂತಿತು.

ರಂಗದ ಪಕ್ಕದ ಮರೆಯಲ್ಲಿ ಪುಸ್ತಕ ಹಿಡಿದು ಕೂತು, ನಟ ಮರೆತಾಗ ಮೆಲ್ಲಗೆ ಮಾತು ಎತ್ತಿಕೊಡುವವನು ಪ್ರಾಂಪ್ಟರ್. ಅವನಿಲ್ಲದ ಕಂಪನಿಯನ್ನು ಅಕ್ಕಾರು ಕಂಡಿರಲಿಲ್ಲ.

"ಎಲ್ಲಾ ಬಾಯಿಪಾಠ ಐತ್ರಿ ನನಗ," ಎಂದ ಚನವೀರ.

"ನನಗೂ ಇತ್ತು. ಆದ್ರೂ ಪಕ್ಕದಾಗ ಒಬ್ಬನ್ನ ಕುಂದ್ರಿಸ್ಕೋತಿದ್ದೆ. ನಿನಗ ಯಾಕ ಬ್ಯಾಡ?"

ಚನವೀರ ನೆಲ ನೋಡಿದ.

ಅವನು ಕಂಪನಿಗೆ ಬಂದದ್ದು ಟೆಂಟಿನ ಗೂಟ ಬಡಿಯುವುದಕ್ಕೆ. ಆಮೇಲೆ ಪರದೆ ಎಳೆದ. ಈಟಿ ಹಿಡಿದು ಬಾಯಿ ಬಿಡದೆ ನಿಲ್ಲುವ ದ್ವಾರಪಾಲಕನಾದ. ಅಕ್ಷರ ಬಲ್ಲವನೆಂದು ಒಂದು ದಿನ ಕೈಗೆ ಪುಸ್ತಕ ಕೊಟ್ಟರು. ಆರು ವರ್ಷ ಪ್ರಾಂಪ್ಟರ್ ಆಗಿದ್ದ. ಆಗ ನಾಟಕದ ಪ್ರತಿಯೊಬ್ಬರ ಮಾತೂ ಅವನ ಬಾಯಲ್ಲಿತ್ತು. ಅವನದೆನ್ನುವ ಒಂದು ಮಾತೂ ರಂಗದ ಮೇಲೆ ಇರಲಿಲ್ಲ.

"ಅಂದಾನಪ್ಪ ಮಾಸ್ತರು ಕಂಪನಿ ಬಿಟ್ಟು ಹೋದ ಮ್ಯಾಲೆ ಅವ್ರ ರಾಜನ ಪಾರ್ಟು ನನಗ ಬಂತಲ್ರಿ..."

"ಬಂತು. ಆಟದ ನಡುವ ಅವ ಮಾತು ಮರೆತ. ಜನ ಸಿಳ್ಳಿ ಹೊಡೆದ್ರು. ಮರುದಿನ ಬಣ್ಣ ಹಚ್ಕೊಳ್ಳಲೇ ಇಲ್ಲ. ಯಾರಿಗೆ ಗೊತ್ತಿಲ್ಲ ಅದು?"

"ಅವ್ರು ಮರೆತದ್ದು ಎಲ್ಲಾರಿಗೂ ಗೊತ್ತೈತ್ರಿ. ಪುಸ್ತಕ ನನ್ನ ತೊಡಿ ಮ್ಯಾಲಿತ್ತು."

ಅಕ್ಕಾರು ತಲೆ ಎತ್ತಿದರು.

"ಹಾಳಿ ತೆರದಿತ್ತು. ಆ ಮಾತಿನ ಮ್ಯಾಲೆ ಬೆರಳು ಇಟ್ಕೊಂಡಿದ್ದೆ. ಮಾಸ್ತರು ನಡಕೋತ ನನ್ನ ಕಡೆ ಬಂದ್ರು. ನೋಡಿದ್ರು. ನಾ ಕೊಡಲಿಲ್ಲ."

"ಯಾವ ಮಾತದು?"

ಅವನ ಕಿವಿ ಬಿಸಿಯಾದವು. "ಮಂತ್ರಿ, ಬಾಗಿಲು ತೆಗೆಸು."

"ಇಷ್ಟ?"

"ಇಷ್ಟರೀ."

ಅದೊಂದು ದೊಡ್ಡ ಮಾತಾಗಿದ್ದರೆ ಹೇಳುವುದು ಹಗುರಾಗುತ್ತಿತ್ತೇನೋ ಎನಿಸಿತು ಅವನಿಗೆ. ಬರೀ ಮೂರು ಪದ. ನಾಲ್ಕು ವರ್ಷದಿಂದ ಆ ಮೂರು ಪದಗಳನ್ನು ಅವನೇ ಕಿರೀಟ ಹೊತ್ತು ಹೇಳುತ್ತಿದ್ದ. ಹೇಳಿದಾಗಲೆಲ್ಲ ಮುಖ ಬೆವರುತ್ತಿತ್ತು. ಬಣ್ಣ ಬಳಿದ ಮುಖದಲ್ಲಿ ಅದು ಯಾರಿಗೂ ಕಾಣುತ್ತಿರಲಿಲ್ಲ.

"ಪಕ್ಕದಾಗ ಯಾರು ಕುಂತ್ರೂ ನನಗ ನಾನ ಕುಂತಂಗ ಕಾಣತೈತ್ರಿ. ಅದಕ್ಕ ಪ್ರಾಂಪ್ಟರ್ ಬ್ಯಾಡ ಅಂದೆ. ಜನ ಮಾತ್ರ ಹೊಗಳ್ತಾರ, ಚನವೀರಗ ಪುಸ್ತಕಾನ ಬೇಕಾಗಿಲ್ಲ ಅಂತ."

ಅಕ್ಕಾರು ಜೋಳವನ್ನು ಚೀಲಕ್ಕೆ ಸುರಿದರು. ಮೊರವನ್ನು ಗೋಡೆಗೆ ಒರಗಿಸಿದರು.

"ಅಂದಾನಪ್ಪ ಹೊಳಿ ಆಚೆ ಊರಾಗ ಅದಾನ. ಚಪ್ಪಲಿ ಮೆಟ್ಕೋ."

"ಈಗ?"

"ಮತ್ತ ಸೋಮವಾರ ಆದ ಮ್ಯಾಲೇನು?"

ದೋಣಿ ಹತ್ತಿದರು. ನಡುಹೊಳೆಗೆ ಬಂದಾಗ ಚನವೀರ ಅಕ್ಕಾರ ಕಡೆ ಬಾಗಿದ.

"ಹೋಗಿ ಏನಂತ ಹೇಳ್ಲಿ ಅಕ್ಕಾರ? ನೀವ ಹೇಳಿಕೊಡ್ರಿ. ನೀವು ಅಂದಂಗ ಅಂತೀನಿ."

ಅಕ್ಕಾರು ಅಂಬಿಗನ ಕಡೆ ತಿರುಗಿದರು. "ಈ ಸಲ ನೀರು ಭಾಳ ಬಂದೈತಲ್ಲಪಾ."

ಅಂದಾನಪ್ಪ ಮಾಸ್ತರು ಮನೆಯ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಕ್ಕಾರನ್ನು ಕಂಡು ಎದ್ದು ನಿಂತು ಕೈ ಮುಗಿದರು. ಹಿಂದೆ ಬಂದವನನ್ನು ಕಂಡು ನಕ್ಕರು.

"ಓಹೋ, ಮಹಾರಾಜರು ನಡಕೊಂಡ ಬಂದಾರ. ರಥ ಎಲ್ಲಿ ಬಿಟ್ರಿ?"

ದೋಣಿಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಚನವೀರನಿಗೆ ನೆನಪಾಗಲಿಲ್ಲ.

ಅಕ್ಕಾರ ಕಡೆ ನೋಡಿದ.

ಅವನು ನೋಡಿದ್ದನ್ನು ಅಕ್ಕಾರು ನೋಡಿದರು. ತುಟಿ ಅಲುಗಿಸಲಿಲ್ಲ.

ಮತ್ತೊಮ್ಮೆ ನೋಡಿದ. ಅಕ್ಕಾರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅವನನ್ನೇ ನೋಡುತ್ತ ಹಾಗೇ ನಿಂತರು. ಮತ್ತೆ ಕೂತು ಹೊಸೆಯತೊಡಗಿದ್ದ ಮಾಸ್ತರ ಕೈಯಲ್ಲಿ ಹಗ್ಗ ನಿಂತುಹೋಯಿತು. ಎದುರು ಮನೆಯ ಹೆಂಗಸು ಬಾಗಿಲಿಗೆ ಬಂದು ಇಣುಕಿ ಒಳಗೆ ಹೋದಳು.

"ಮಾಸ್ತರ," ಎಂದ ಕೊನೆಗೆ. ರಂಗದ ಮೇಲೆ ಸಾವಿರ ಮಂದಿಗೆ ಕೇಳಿಸುವ ದನಿ ಆಗ ಪಕ್ಕದವರಿಗೂ ಸರಿಯಾಗಿ ಕೇಳಿಸುವಂತಿರಲಿಲ್ಲ. "ಅವತ್ತು ಮಾತು ನನ್ನ ಹತ್ರ ಇತ್ತು. ಬೇಕಂತ ಕೊಡಲಿಲ್ಲ. ನಿಮ್ಮ ಪಾರ್ಟು ನನಗ ಬೇಕಾಗಿತ್ತು."

ಮಾಸ್ತರು ಬೆರಳಿನಿಂದ ತಮ್ಮ ಬಲಗಿವಿಯನ್ನು ಮುಟ್ಟಿಕೊಂಡರು.

"ನೀ ಕೊಡಲಿಲ್ಲೇನು?"

"ಇಲ್ರಿ."

"ನೀ ಕೊಟ್ಟಿ, ನನಗ ಕೇಳಲಿಲ್ಲ ಅಂತ ತಿಳ್ಕೊಂಡಿದ್ದೆ."

ಚನವೀರನಿಗೆ ಅರ್ಥವಾಗಲಿಲ್ಲ.

"ಆರು ವರ್ಷದಾಗ ಒಂದ ಒಂದು ಸಲಾನೂ ನೀ ತಪ್ಪಿಸಿರಲಿಲ್ಲಲ್ಲೋ. ಹಂಗಾಗಿ ನನ್ನ ಕಿವೀನ ಹೋದ್ವು ಅಂದ್ಕೊಂಡೆ. ಮೆಲ್ಲಗ ಅಂದ ಮಾತು ಕೇಳದವ ರಂಗದ ಮ್ಯಾಲೆ ಹೆಂಗ ನಿಂದ್ರಬೇಕು? ಅದಕ್ಕ ಬಿಟ್ಟು ಬಂದೆ. ಡಾಕ್ಟರು ನೋಡಿ, ಕಿವಿ ಛಲೋ ಅದಾವು ಅಂದ್ರು. ನಾ ಡಾಕ್ಟರ್ ಮಾತು ನಂಬಲಿಲ್ಲ."

ಮರೆಗುಳಿಯೆಂದು ಜನ ಆಡಿಕೊಂಡರು, ಮಾಸ್ತರು ಅಭಿಮಾನಕ್ಕೆ ಬಿಟ್ಟುಹೋದರು ಎಂದೇ ಚನವೀರ ಇಷ್ಟು ದಿನ ತಿಳಿದಿದ್ದ. ತಾನು ಮಾಡಿದ್ದನ್ನು ಅವರು ಒಳಗೊಳಗೇ ಬಲ್ಲರು, ತನ್ನನ್ನು ಶಪಿಸುತ್ತಿರಬಹುದು ಎಂದೂ ಅಂದುಕೊಂಡಿದ್ದ. ಆದರೆ ತನ್ನ ಮೇಲಿನ ನಂಬಿಕೆಯಿಂದ ತಮ್ಮ ಕಿವಿಯನ್ನೇ ಅವರು ಸಂಶಯಿಸಿದ್ದರು. ಅವನು ಅಂಗಳದ ಮಣ್ಣಿನಲ್ಲಿ ಕುಸಿದು ಕೂತ.

"ಬೈರಿ ಮಾಸ್ತರ."

"ಬೈಯೂದು ಬಾಯಿಪಾಠ ಇಲ್ಲ ನನಗ."

"ರಾಜನ ಪಾರ್ಟು ನೀವ ಮಾಡ್ರಿ. ಕಂಪನಿ ನಿಮ್ಮದ ಅಂತ ತಿಳ್ಕೊಳ್ರಿ."

"ಈ ಹೊಟ್ಟಿಗೆ ಯಾವ ಕವಚ ಕಟ್ಟತಿ? ಸುಮ್ನಿರು." ಮಾಸ್ತರು ಹಗ್ಗವನ್ನು ಸುತ್ತಿ ಪಕ್ಕಕ್ಕಿಟ್ಟರು. "ನಿನಗ ಯಾರು ಮಾತು ಕೊಡ್ತಾರ ಈಗ?"

"ಯಾರೂ ಇಲ್ರಿ."

"ಯಾರೂ ಇಲ್ಲ?"

"ಯಾರನ್ನೂ ಇಟ್ಕೊಂಡಿಲ್ರಿ."

ಮಾಸ್ತರು ಅವನನ್ನು ದಿಟ್ಟಿಸಿದರು. ಅವರ ಮುಖದಲ್ಲಿ ಸಿಟ್ಟಿತ್ತೋ ಕನಿಕರವಿತ್ತೋ, ಆರು ವರ್ಷ ಮರೆಯಲ್ಲಿ ಕೂತು ನಟರ ಮುಖ ಓದಿದ್ದ ಚನವೀರನಿಗೂ ತಿಳಿಯಲಿಲ್ಲ.

"ಸೋಮವಾರ ನಾ ಬಂದು ಕುಂದರ್ತೀನಿ," ಎಂದರು ಮಾಸ್ತರು. "ಪುಸ್ತಕ ದೊಡ್ಡ ಅಕ್ಷರದಾಗ ಬರದಿಡು."

ಬೇಡವೆನ್ನಲು ಚನವೀರ ಬಾಯಿ ತೆರೆದ. ಬೇಡವೆನ್ನುವ ಹಕ್ಕು ತನಗಿಲ್ಲವೆಂದು ಹೊಳೆದು ಮುಚ್ಚಿಕೊಂಡ.

ಮರಳಿ ದೋಣಿಯಲ್ಲಿ ಕೂತಾಗ ಅವನು ತಲೆ ಎತ್ತಲಿಲ್ಲ. ಅಂಬಿಗ ಹುಟ್ಟು ಹಾಕುತ್ತಿದ್ದ. ಅಕ್ಕಾರು ಹೊಳೆಯ ನೀರಲ್ಲಿ ಕೈ ಅದ್ದಿ ಕಣ್ಣಿಗೆ ಒತ್ತಿಕೊಂಡರು.

ಈಚೆ ದಂಡೆ ಹತ್ತಿರವಾದಾಗ ಚನವೀರ ಕೇಳಿದ:

"ಅಕ್ಕಾರ, ಸೋಮವಾರ ನಾ ಮಾತು ಮರೆತು ಅವ್ರ ಕಡೆ ನೋಡಿದ್ರ, ಅವ್ರು ಸುಮ್ಮನ ಕುಂತುಬಿಟ್ರ?"

"ಸುಮ್ಮನ ಕುಂತ್ರ ಹೆಂಗರ ತಡಕೋತಿ," ಎಂದರು ಅಕ್ಕಾರು. "ಮಾತು ಕೊಟ್ಟ ಅಂದ್ರ ಏನ್ ಮಾಡ್ತಿ?"