ನೀರಿನ ಪ್ಯಾಂಟು

ಉತ್ತರದ ಬೆಟ್ಟಗಳ ನಡುವೆ ಹಿಮ ಕರಗಿ ಹರಿಯುವ ಒಂದು ಹೊಳೆ. ಅದರ ದಡದಲ್ಲಿ ಕಲ್ಲುಗೋಡೆಯ ಎರಡು ಕೋಣೆ, ಒಂದು ಅಡುಗೆಮನೆ. ಆಶ್ರಮ ಅಂದರೆ ಅಷ್ಟೇ.

ಅಲ್ಲಿದ್ದ ಗುರುಗಳು ಗಂಗಯ್ಯಜ್ಜ. ತುಂಗಭದ್ರೆಯ ದಂಡೆಯ ಬೆಸ್ತರ ಮನೆಯಲ್ಲಿ ಹುಟ್ಟಿದವರು. ಕಾವಿ ಉಟ್ಟರೂ ಗಾಳ ಬಿಟ್ಟಿರಲಿಲ್ಲ. ಸನ್ಯಾಸಿಗಳು ಮೀನು ಹಿಡಿಯಬಹುದೇ ಎಂದು ಯಾರಾದರೂ ಮೂಗು ಮುರಿದರೆ, ಹೊಟ್ಟೆಗೆ ಇನ್ನೂ ದೀಕ್ಷೆ ಆಗಿಲ್ಲ ಎಂದು ನಗುತ್ತಿದ್ದರು.

ಅವರದೊಂದು ನೇಮವಿತ್ತು. ಪ್ರಶ್ನೆ ಕೇಳುವವರು ಹೊಳೆಗಿಳಿದು, ಅವರ ಪಕ್ಕ ನಿಂತು ಕೇಳಬೇಕು. ದಡದ ಮೇಲೆ ಕೇಳಿದ್ದಕ್ಕೆ ಅವರು ಉತ್ತರ ಕೊಡುತ್ತಿರಲಿಲ್ಲ. ದಡದಲ್ಲಿ ಬೆಚ್ಚಗೆ ಕೂತವನಿಗೆ ಪ್ರಶ್ನೆಗಳು ಸೊಳ್ಳೆಗಳ ಹಾಗೆ ಹುಟ್ಟುತ್ತವೆ, ತಣ್ಣೀರಿನಲ್ಲಿ ನಿಂತವನು ಬೇಕಾದದ್ದನ್ನಷ್ಟೇ ಕೇಳುತ್ತಾನೆ ಎನ್ನುವುದು ಅವರ ಲೆಕ್ಕಾಚಾರ.

ಈ ಆಶ್ರಮಕ್ಕೆ ಅವರದೇ ಸೀಮೆಯಿಂದ ಓಬಳೇಶ ಎಂಬ ಶಿಷ್ಯ ಬಂದಿದ್ದ. ಅವನೂ ಬೆಸ್ತರವನೇ. ಅಣ್ಣನ ಮೇಲೆ ಮುನಿಸಿಕೊಂಡು ಮನೆ ಬಿಟ್ಟವನು, ಊರೂರು ಸುತ್ತಿ, ಕೊನೆಗೆ ಇಲ್ಲಿಗೆ ಬಂದು ಮುಟ್ಟಿದ್ದ.

ಅವನು ಹೊತ್ತು ತಂದದ್ದು ಒಂದೇ ಪ್ರಶ್ನೆ. ಆದರೆ ಬೇಸಿಗೆಯಲ್ಲಿ, ನೀರು ಹಿತವಾಗಿದ್ದಾಗ, ಅದನ್ನು ಕೇಳಲು ನಾಚಿಕೆಯಾಯಿತು. ಮನೆಜಗಳವನ್ನು ಗುರುಗಳ ಮುಂದೆ ಬಿಚ್ಚುವುದೇ? ಬದಲಿಗೆ ಜೀವ ಎಂದರೇನು, ಮಾಯೆ ಎಂದರೇನು ಎಂದು ದೊಡ್ಡ ದೊಡ್ಡದನ್ನೇ ಕೇಳಿದ. ಅಜ್ಜಾರು ಎಲ್ಲದಕ್ಕೂ, ನಿನ್ನ ಗಾಳ ನೋಡಿಕೋ, ಮೀನು ಎರೆ ತಿಂದುಕೊಂಡು ಹೋಯಿತು ಎನ್ನುತ್ತಿದ್ದರು.

ಹೀಗೆ ಬೇಸಿಗೆ ಮುಗಿಯಿತು. ಚಳಿಗಾಲ ಬಂತು.

ಒಂದು ದಿನ, ಅವನಿರುವ ಜಾಗ ಯಾರಿಂದಲೋ ತಿಳಿದು, ಸೇತುವೆಯ ಪಕ್ಕದ ಚಹಾದಂಗಡಿಗೆ ಊರಿನಿಂದ ಫೋನು ಬಂತು. ಮಾತಾಡಿದವಳು ಅತ್ತಿಗೆ. ಮಗಳ ಮದುವೆ ಗೊತ್ತಾಗಿದೆ, ಮಾಘ ಮಾಸದಲ್ಲಿ. ಚಿಕ್ಕಪ್ಪ ಬರದೆ ಅಕ್ಷತೆ ಹಾಕಿಸಿಕೊಳ್ಳುವುದಿಲ್ಲ ಎಂದು ಹುಡುಗಿ ಹಟ ಹಿಡಿದಿದ್ದಾಳೆ. ಅಣ್ಣ ಪಕ್ಕದಲ್ಲೇ ಇದ್ದಾನೋ ಏನೋ, ಫೋನಿಗೆ ಬರಲಿಲ್ಲ.

ಓಬಳೇಶನ ಎದೆಯಲ್ಲಿ ಹಳೆಯ ಗಾಯ ಕೆದರಿತು. ಹೋಗಲೋ ಬೇಡವೋ? ಹಿಮ ಬಿದ್ದರೆ ದಾರಿ ಮುಚ್ಚುತ್ತದೆ. ಅಷ್ಟರೊಳಗೆ ಹೊರಟರೆ ಉಂಟು, ಇಲ್ಲದಿದ್ದರೆ ಮದುವೆಯೂ ಇಲ್ಲ, ಆ ಮನೆಯೂ ಇಲ್ಲ. ಈಗಲಾದರೂ ಗುರುಗಳನ್ನು ಕೇಳಲೇಬೇಕು ಎಂದುಕೊಂಡ.

ಮರುದಿನ ಬೆಳಿಗ್ಗೆ ಪಂಚೆ ಮೇಲೆ ಕಟ್ಟಿ ಹೊಳೆಗಿಳಿದ. ಅಜ್ಜಾರು ಹೊಳೆಯ ನೀರು ಒಳಗಿಳಿಯದ, ಎದೆಮಟ್ಟದ ಹಳೆಯ ನೀರಿನ ಪ್ಯಾಂಟು ತೊಟ್ಟು ನಡುನೀರಿನಲ್ಲಿ ಗಾಳ ಬೀಸುತ್ತ ನಿಂತಿದ್ದರು. ಹೆಗಲಿಗೆ ಪಟ್ಟಿ, ಕಾಲಿಗೆ ಬೂಟು. ಉಳಿದದ್ದೆಲ್ಲ ತೇಪೆಯ ಮೇಲೆ ತೇಪೆ. ಮೂಲ ಬಟ್ಟೆ ಯಾವುದೆಂದು ಅದನ್ನು ಹೊಲಿದವನೂ ಹೇಳಲಾರ.

ಓಬಳೇಶ ಬಾಯಿ ತೆರೆದ. ಹಲ್ಲು ಕಟಕಟ ಎಂದವೇ ಹೊರತು ಮಾತು ಹೊರಡಲಿಲ್ಲ. ಮೊಣಕಾಲು ಸೆಟೆದುಕೊಂಡವು. ಎದ್ದೆನೋ ಬಿದ್ದೆನೋ ಎಂದು ದಡಕ್ಕೆ ಓಡಿದ.

ಎರಡನೆಯ ಸಲವೂ ಹಾಗೇ ಆಯಿತು.

ಅಜ್ಜಾರು ಅವನನ್ನು ಒಲೆಯ ಮುಂದೆ ಕೂರಿಸಿದರು. ಆಶ್ರಮದ ಚೀಲದಿಂದ ಸ್ವಲ್ಪ ಹಣ ತೆಗೆದುಕೊಟ್ಟು, ಪೇಟೆಗೆ ಹೋಗಿ ನಿನಗೂ ಒಂದು ನೀರಿನ ಪ್ಯಾಂಟು ತಗೊಂಡು ಬಾ, ಚಳಿಗೆ ಆಗಬೇಕು, ಕೊಟ್ಟ ಬೆಲೆಗೂ ಆಗಬೇಕು ಎಂದರು.

ಎಂಥದ್ದು ತರಲಿ ಎಂದು ಕೇಳಿದ ಓಬಳೇಶ.

ಅಜ್ಜಾರು ಬಟಾಣಿ ಸುಲಿಯತೊಡಗಿದರು. ಅವನು ಇನ್ನೊಮ್ಮೆ ಕೇಳಿದ. ಅವರು ಇನ್ನೊಂದು ಬಟಾಣಿ ಸುಲಿದರು. ಆಗ ಅವನಿಗೆ ನೇಮ ನೆನಪಾಯಿತು. ಒಳ್ಳೆ ಫಜೀತಿ. ಪ್ಯಾಂಟು ಎಂಥದ್ದು ಎಂದು ಕೇಳಬೇಕಾದರೆ ನೀರಿಗಿಳಿಯಬೇಕು, ನೀರಿಗಿಳಿಯಬೇಕಾದರೆ ಪ್ಯಾಂಟು ಬೇಕು.

ಮರುದಿನ ಮನಸ್ಸು ಗಟ್ಟಿ ಮಾಡಿ ಮೊಣಕಾಲುದ್ದ ಇಳಿದು, ಒಂದೇ ಉಸಿರಿಗೆ ಕೇಳಿಬಿಟ್ಟ.

"ಅಜ್ಜಾರ, ಪ್ಯಾಂಟು ಎಂಥಾದು ತರಲ್ರಿ?"

"ನೀ ಬೆವರೂ ಮನಿಷ್ಯಾ ಅನ್ನೂದು ಮರೀಬ್ಯಾಡ, ತಮ್ಮಾ."

ಓಬಳೇಶ ನಡುಗುತ್ತಲೇ ನಕ್ಕ. ಉಗುಳಿದರೆ ಉಗುಳು ಗಡ್ಡೆಗಟ್ಟುವ ಈ ಚಳಿಯಲ್ಲಿ ಬೆವರುವವರು ಯಾರು? ವಯಸ್ಸಾಯಿತು ಪಾಪ, ಬೇಸಿಗೆಯೋ ಚಳಿಯೋ ನೆನಪಿಲ್ಲ ಎಂದುಕೊಂಡು ಪೇಟೆಯ ದಾರಿ ಹಿಡಿದ.

ಅಂಗಡಿಯ ಗೋಡೆಗೆ ನೀರಿನ ಪ್ಯಾಂಟುಗಳನ್ನು ಸಾಲಾಗಿ ತೂಗುಹಾಕಿದ್ದರು. ಅಂಗಡಿಯವನು ಒಂದೊಂದನ್ನೇ ಇಳಿಸಿ ತೋರಿಸಿದ. ಒಂದು ದಪ್ಪ ರಬ್ಬರಿನದು, ಒಳಗೆ ಮೆತ್ತನೆಯ ಬಟ್ಟೆ, ಬೆಲೆಯೂ ಹಗುರ. ಇನ್ನೊಂದು ತೆಳ್ಳಗಿನದು, ಬೆಲೆ ಅದಕ್ಕಿಂತ ಬಹಳ ಹೆಚ್ಚು. ಇದು ಉಸಿರಾಡುವ ಬಟ್ಟೆ, ಹೊರಗಿನ ನೀರು ಒಳಗೆ ಬಿಡುವುದಿಲ್ಲ, ಒಳಗಿನ ಆವಿಯನ್ನು ಹೊರಗೆ ಬಿಡುತ್ತದೆ, ಆದರೆ ತಾನಾಗಿ ಬೆಚ್ಚಗಿಡುವುದಿಲ್ಲ, ಒಳಗೆ ಉಣ್ಣೆ ತೊಡಬೇಕು ಎಂದ.

ಓಬಳೇಶ ಅದನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದ. ಕೊಡೆಬಟ್ಟೆಯಷ್ಟು ತೆಳ್ಳಗಿತ್ತು. ಬೆಚ್ಚಗಿಡದ ಬಟ್ಟೆಗೆ ಇಷ್ಟು ಬೆಲೆಯೇ? ಉಸಿರಾಡುವುದಕ್ಕೆ ನಾನಿದ್ದೇನೆ, ಪ್ಯಾಂಟು ಯಾಕೆ ಉಸಿರಾಡಬೇಕು ಎಂದು ಅಂಗಡಿಯವನನ್ನೇ ಗೇಲಿ ಮಾಡಿದ. ಇದ್ದದ್ದರಲ್ಲಿ ಅತಿ ದಪ್ಪನೆಯ ರಬ್ಬರಿನದನ್ನು ಆರಿಸಿಕೊಂಡು, ಚೌಕಾಸಿ ಮಾಡಿ, ಉಳಿದ ಹಣಕ್ಕೆ ಬೆಲ್ಲ ಕಟ್ಟಿಸಿಕೊಂಡು ಬಂದ. ದಾರಿಯುದ್ದಕ್ಕೂ ತನ್ನ ಜಾಣತನಕ್ಕೆ ತಾನೇ ಹಿಗ್ಗಿದ.

ಅಜ್ಜಾರು ಪ್ಯಾಂಟನ್ನು ನೋಡಿದರು. ಬೆಲ್ಲ ಚೆನ್ನಾಗಿದೆ ಎಂದರು.

ಮೀನಿನ ಮಡು ಆಶ್ರಮದಿಂದ ಸಾಕಷ್ಟು ಮೇಲಿತ್ತು. ಬೆಳಿಗ್ಗೆ ಇಬ್ಬರೂ ಬಂಡೆಗಳನ್ನು ಹತ್ತಿ ಇಳಿದು ಅಲ್ಲಿಗೆ ನಡೆದರು. ಓಬಳೇಶನ ರಬ್ಬರು ಹೆಜ್ಜೆಗೊಮ್ಮೆ ಗುಯ್ ಎನ್ನುತ್ತಿತ್ತು. ಆದರೆ ನೀರಿಗೆ ಇಳಿದಾಗ ಆದ ಸಂತೋಷವೇ ಬೇರೆ. ಸೊಂಟದವರೆಗೆ ಹಿಮದ ನೀರು, ಒಳಗೆ ಒಲೆಯ ಮುಂದೆ ಕೂತಷ್ಟು ಬಿಸಿ. ಒಂದು ಹನಿಯೂ ತನ್ನನ್ನು ಮುಟ್ಟದು ಎನ್ನುವುದೇ ಅವನಿಗೆ ದೊಡ್ಡ ಸುಖವಾಯಿತು. ಪ್ರಶ್ನೆಗೇನು ಅವಸರ, ಈ ಸುಖವನ್ನು ಸ್ವಲ್ಪ ಅನುಭವಿಸೋಣ ಎಂದು ನಿಂತ.

ಸ್ವಲ್ಪ ಹೊತ್ತಿಗೆ ತೊಡೆ ತಣ್ಣಗಾಯಿತು. ಆಮೇಲೆ ಕಾಲು. ಆಮೇಲೆ ಬೆನ್ನುಹುರಿಯೇ ನಡುಗಿತು. ಒಳಗೆ ಕೈ ಹಾಕಿ ನೋಡಿದರೆ ಒದ್ದೆ. ಕಾಲ್ಬೆರಳ ಸಂದಿಯಲ್ಲಿ ಪಿಚಪಿಚ ನೀರು. ಕೇಳಬೇಕೆಂದಿದ್ದ ಪ್ರಶ್ನೆ ಮತ್ತೆ ಹಲ್ಲುಗಳ ನಡುವೆಯೇ ಸತ್ತಿತು.

ದಡಕ್ಕೆ ಬಂದು ಪ್ಯಾಂಟು ಕಿತ್ತೆಸೆದ. ಅಂಗಡಿಯವನಿಗೆ ಬಾಯಿಗೆ ಬಂದ ಹಾಗೆ ಬೈದ. ತೂತು ಬಿದ್ದದ್ದನ್ನು ತಲೆಗೆ ಕಟ್ಟಿದ್ದಾನೆ, ಹೊರಗಿನವನೆಂದು ಮೋಸ ಮಾಡಿದ್ದಾನೆ, ಹೊಳೆಯೆಲ್ಲ ಒಳಗೆ ಬಂದಿದೆ ಎಂದ.

ಅಜ್ಜಾರು ನೀರಿನಿಂದ ಎದ್ದು ಬಂದರು.

"ಒಳಗಿಂದ ಒರಸು. ಸೊಂಟದತನಾ ಹೊಳಿನೀರು ತುಂಬು. ಗಿಡಕ್ಕ ತೂಗಹಾಕು."

ಓಬಳೇಶ ಅದನ್ನು ಆಶ್ರಮಕ್ಕೆ ಹೊತ್ತು ತಂದು ಹಾಗೆಯೇ ಮಾಡಿದ. ಅಕ್ರೋಟ್ ಮರದ ಕೊಂಬೆಯಲ್ಲಿ ಪ್ಯಾಂಟು ಹೊಟ್ಟೆ ತುಂಬಿದ ನೆಂಟನ ಹಾಗೆ ಜೋಲಾಡಿತು. ಎಲ್ಲಿ ತೊಟ್ಟಿಕ್ಕುತ್ತದೆ ನೋಡಿ ತೂತಿಗೆ ಗುರುತು ಹಾಕೋಣವೆಂದು ಅವನು ಇದ್ದಿಲ ಚೂರು ಹಿಡಿದು ಅದರ ಕೆಳಗೇ ಕೂತ. ಬಿಸಿಲು ಬಂತು. ಊಟದ ಹೊತ್ತಾಯಿತು. ಅಂಗಾಲಿನಿಂದ ಸೊಂಟದವರೆಗೆ ಕೈಯಾಡಿಸಿ ನೋಡಿದ. ಎಲ್ಲೂ ಒಂದು ಹನಿ ಪಸೆಯಿಲ್ಲ.

ಅಂಗಡಿಯವನು ಮೋಸ ಮಾಡಿರಲಿಲ್ಲ. ಹೊಳೆಯೂ ಒಳಗೆ ಬಂದಿರಲಿಲ್ಲ. ಬಂಡೆ ಹತ್ತಿ ಇಳಿದ ಬೆವರು ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ನಿಂತು ತಣ್ಣಗಾಗಿತ್ತು. ಓಬಳೇಶನಿಗೆ ಗುರುಗಳ ಮಾತು ಈಗ ಅರ್ಥವಾಯಿತು. ಅವರಿಗೆ ವಯಸ್ಸಾಯಿತು ಎಂದುಕೊಂಡದ್ದಕ್ಕೆ ಕೆನ್ನೆ ಬಿಸಿಯಾಯಿತು. ಇದ್ದಿಲನ್ನು ಒಲೆಗೆ ಎಸೆದ.

ಪೇಟೆಗೆ ಮತ್ತೆ ಹೋದ. ಅಂಗಡಿಯವನು ಪ್ಯಾಂಟನ್ನು ಮೂಸಿ ನೋಡಿ ಮುಖ ಸಿಂಡರಿಸಿದರೂ ವಾಪಸು ತಗೊಂಡ. ಹೊಸ ತೆಳ್ಳಗಿನದಕ್ಕೆ ಕೈಯಲ್ಲಿದ್ದದ್ದು ಸಾಲದು. ಬಹಳ ಹೊತ್ತು ಹುಡುಕಿದ ಮೇಲೆ ಮೂಲೆಯಲ್ಲಿ ಹಿಂದಿನ ವರ್ಷದ್ದೊಂದು ಸಿಕ್ಕಿತು. ಬಣ್ಣ ಮಾಸಿತ್ತು, ಅದಕ್ಕೇ ಬೆಲೆ ಇಳಿದಿತ್ತು.

ಈ ಸಲ ಓಬಳೇಶ ಬಣ್ಣ ನೋಡಲಿಲ್ಲ. ಒಳಮಗ್ಗುಲು ತಿರುಗಿಸಿ, ಹೊಲಿಗೆಯ ಮೇಲೆ ಅಂಟಿಸಿದ ಪಟ್ಟಿ ಎಲ್ಲೂ ಎದ್ದಿಲ್ಲವೆಂದು ಬೆರಳು ಎಳೆದು ನೋಡಿದ. ಮೊಣಕಾಲಿನಲ್ಲಿ ಬಟ್ಟೆ ಇಮ್ಮಡಿಯಿದೆಯೇ ನೋಡಿದ. ಪಾದ ತೂರಿಸುವ ಚೀಲ ದಪ್ಪಗಿದೆಯೇ, ಸೊಂಟಕ್ಕೆ ಬಿಗಿಯಲು ಪಟ್ಟಿಯಿದೆಯೇ ನೋಡಿದ. ಒಳಗೆ ಉಣ್ಣೆ ತೊಟ್ಟು ಕುಕ್ಕರಗಾಲಲ್ಲಿ ಕೂರುವಷ್ಟು ಸಡಿಲವಿದೆಯೇ ಎಂದು ಅಂಗಡಿಯ ನಡುವೆಯೇ ಕೂತು ಎದ್ದು ನೋಡಿದ. ಅಂಗಡಿಯವನು ನಕ್ಕ. ಓಬಳೇಶನೂ ನಕ್ಕ.

ಅಜ್ಜಾರು ತಮ್ಮ ಪೆಟ್ಟಿಗೆಯಿಂದ ಒಂದು ಉಣ್ಣೆಯ ಪೈಜಾಮ ತೆಗೆದುಕೊಟ್ಟರು. ನಡೆಯುವಾಗ ಬೇಡ, ಮಡುವಿಗೆ ಹೋದ ಮೇಲೆ ತೊಡು ಎಂದರು.

ಮರುದಿನ ಬೆಳಿಗ್ಗೆ ಬೆಟ್ಟದ ನೆತ್ತಿಯ ಮೇಲೆ ಮೋಡ ಬೆಳ್ಳಗೆ ಕೂತಿತ್ತು. ಇನ್ನೇನು ಹಿಮ ಬೀಳುವ ಹಾಗಿತ್ತು. ಓಬಳೇಶ ನೀರಿಗಿಳಿದು ಗುರುಗಳ ಪಕ್ಕ ನಿಂತ. ನೀರು ತಣ್ಣಗಿದೆ ಎಂದು ತೊಡೆಗೆ ತಿಳಿಯುತ್ತಿತ್ತು, ಆದರೆ ನಡುಗಿಸುತ್ತಿರಲಿಲ್ಲ. ಹೊಳೆ ಕಾಲನ್ನು ಮೆಲ್ಲಗೆ ಒತ್ತುತ್ತಿತ್ತು. ಗಾಳ ಬೀಸಿದ. ಬಹಳ ಹೊತ್ತು ನಿಂತ. ಕೊನೆಗೆ, ಊರಿನಿಂದ ಹೊತ್ತು ತಂದದ್ದನ್ನು ಇಳಿಸಿದ.

"ಅಜ್ಜಾರ, ಯಾರ ಮಾತೂ ಒಳಗ ಇಳೀಬಾರದು. ಅಂಥಾ ಮನಸು ಹೆಂಗ ಮಾಡ್ಕೋಬೇಕ್ರಿ?"

"ಯಾರ ಮಾತು ಇಳದೈತಿ?"

"ನಮ್ಮಣ್ಣಂದ್ರಿ."

"ಏನಂದ?"

ಓಬಳೇಶ ಹೇಳಿದ. ಅಪ್ಪ ತೀರಿಕೊಂಡ ಮೇಲೆ ತಿಥಿಯ ದಿನ, ಪಂಕ್ತಿಯಲ್ಲಿ ಊರಿನವರೆಲ್ಲ ಕೂತಿದ್ದಾಗ, ಅಣ್ಣ ತನ್ನನ್ನು ಬೆರಳು ಮಾಡಿ ತೋರಿಸಿ, ಇವನು ಬಲೆ ಮುಟ್ಟದೆ ಕೂತು ಉಣ್ಣುವವನು ಎಂದ. ಆ ಎಲೆಯ ಮುಂದಿನಿಂದ ಎದ್ದವನು ಇವತ್ತಿಗೂ ಮನೆಗೆ ಹೋಗಿಲ್ಲ.

ಅಜ್ಜಾರು ದಾರ ಸುತ್ತಿಕೊಂಡರು.

"ಹೌದು. ನೀ ಏನಂದಿ?"

ಈ ಕಥೆಯನ್ನು ಓಬಳೇಶ ಎಷ್ಟೋ ಮಂದಿಗೆ ಹೇಳಿದ್ದ. ಎಲ್ಲರೂ ಅಯ್ಯೋ ಎಂದಿದ್ದರು, ಅಣ್ಣನಿಗೆ ಬೈದಿದ್ದರು. ಕಥೆ ಯಾವಾಗಲೂ ಅಣ್ಣನ ಮಾತಿಗೇ ಮುಗಿಯುತ್ತಿತ್ತು. ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ.

"ಅಪ್ಪನ್ನ ಕೊಂದಾಂವ ನೀನ ಅಂದ್ನಿ."

"ಖರೇ ಏನು?"

"ಇಲ್ರಿ. ಜ್ವರದಾಗ ಅಪ್ಪನ್ನ ಹೆಗಲ ಮ್ಯಾಲೆ ಹೊತ್ಕೊಂಡು ದವಾಖಾನಿಗೆ ಓಡಿದಾಂವ ಅವನ ರೀ. ನಾ ಸಂತ್ಯಾಗ ಇದ್ನಿ."

ಅಷ್ಟು ಹೇಳುವ ಹೊತ್ತಿಗೆ ಅವನು ಅಳುತ್ತಿದ್ದ. ಅಣ್ಣನ ಮೇಲಿನ ಸಿಟ್ಟಿಗೆ ಬಂದ ಅಳುವಲ್ಲ. ತನ್ನ ಮಾತು ಕೇಳಿ ಅಣ್ಣನ ಮುಖ ಹೇಗಾಗಿತ್ತು ಎನ್ನುವುದು ಇಷ್ಟು ವರ್ಷದ ಮೇಲೆ ಅವನಿಗೆ ಕಂಡಿತ್ತು. ಎಲೆಯ ಮುಂದೆ ಸಾರಿನ ಬಕೆಟು ಹಿಡಿದು ನಿಂತಿದ್ದ ಅಣ್ಣ ಆಮೇಲೆ ಒಂದು ಮಾತೂ ಆಡಿರಲಿಲ್ಲ.

ಅಜ್ಜಾರು ಸಮಾಧಾನ ಹೇಳಲು ಹೋಗಲಿಲ್ಲ. ಅವನ ಗಾಳ ಹೊಳೆಯ ಪಾಲಾಗದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡು ನಿಂತರು. ಅತ್ತು ಮುಗಿಯುವ ಹೊತ್ತಿಗೆ ಓಬಳೇಶನಿಗೆ ಮೈ ಹಗುರವಾಗಿತ್ತು. ಹಸಿವೂ ಆಗಿತ್ತು. ಊರಿಗೆ ಹೋಗಬೇಕು ಎನ್ನುವುದರಲ್ಲಿ ಈಗ ಅನುಮಾನ ಉಳಿದಿರಲಿಲ್ಲ. ಬಸ್ಸು ಮಧ್ಯಾಹ್ನಕ್ಕಿತ್ತು.

ಆದರೂ ಒಂದು ಹೆದರಿಕೆ ಇತ್ತು. ನೀರಿನಿಂದ ಏಳುವ ಮೊದಲೇ ಅದನ್ನೂ ಕೇಳಿದ.

"ಬಾಗಿಲದಾಗ ಅಣ್ಣ ನಿಂತಿರ್ತಾನ. ನಾ ಮೊದ್ಲ ಏನ್ ಅನ್ಲಿ, ಅಜ್ಜಾರ?"

ಅಜ್ಜಾರು ಗಾಳವನ್ನು ಅವನ ಕೈಗೆ ಕೊಟ್ಟರು.

"ಮದುವಿ ಮನ್ಯಾಗ ಮಾತಿಗಿಂತ ಮೊದ್ಲ ನೀರು ಬೇಕಾಗತೈತಿ, ತಮ್ಮಾ. ಒಂದು ಕೊಡ ಹೊತ್ಕೊಂಡ ಒಳಗ ಹೋಗು."