ಕೆಳಗಿನ ಮುಖ

"ಗುರುಗಳೇ, ಮನೆಯ ಕೆಲಸದ ಕೋಣೆಗೆ ಹಲಗೆ ಕೀಸುವ ಯಂತ್ರ ಕೊಳ್ಳಬೇಕು. ಅಂಗಡಿಯಲ್ಲಿ ಎರಡು ನೋಡಿ ಬಂದೆ. ಯಾವುದನ್ನು ತರಲಿ?" ಎಂದು ಹಾಲಪ್ಪ ಕೇಳಿದ.

ಹಾಲಪ್ಪ ಬಡಗಿಯಲ್ಲ. ಬಿಡುವಿದ್ದಾಗ ಸ್ಟೂಲು, ಪೆಟ್ಟಿಗೆ ಮಾಡುವುದು ಅವನ ಹವ್ಯಾಸ. ಗುರುಗಳು ಮರಗೆಲಸ ಬಲ್ಲವರು. ಮೊದಲು ಯಾವ ಹಲಗೆಯನ್ನು ಯಂತ್ರಕ್ಕೆ ಕೊಡುತ್ತೀಯ ಎಂದು ವಿಚಾರಿಸಿದರು. ಮನೆಯಲ್ಲೊಂದು ಹಳೆಯ ಮಂಚವಿದೆ, ಬಿಚ್ಚಿ ಕಪಾಟು ಮಾಡುತ್ತೇನೆ ಎಂದ. ಆ ಮಂಚದಲ್ಲಿ ಮಲಗುತ್ತಿದ್ದವನು ಅವನ ತಮ್ಮ. ತಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಗುರುಗಳು ಅದರ ಮಾತೆತ್ತದೆ ಈ ಕತೆ ಹೇಳಿದರು.

ಒಬ್ಬ ಗೃಹಸ್ಥನಿದ್ದ. ಅವನ ಹೆಂಡತಿ ಕಿಟಕಿಯ ಬಳಿಯ ಬೆಂಚಿನ ಮೇಲೆ ಕೂತು ಮಗಳಿಗೆ ಉಣಿಸುತ್ತಿದ್ದಳು. ಒಂದೇ ಹಲಗೆಯ ಬೆಂಚು ಅದು. ಅವಳು ಕೂರುತ್ತಿದ್ದ ಕಡೆ ಹಲಗೆ ಕೆಳಕ್ಕೆ ಬಾಗಿ ತಗ್ಗಾಗಿತ್ತು. ಅವಳು ಏಳುವಾಗಲೆಲ್ಲ ಕಿರ್ರೆನ್ನುತ್ತಿತ್ತು.

ಹೆಂಡತಿ ಸತ್ತಳು. ಮಗಳು ಸರಿಯಾಗಿ ಉಣ್ಣುವುದನ್ನು ಬಿಟ್ಟಳು. ಬೆಂಚಿನ ಎದುರು ನೆಲದ ಮೇಲೆ ಕೂತು ಎರಡು ತುತ್ತು ತಿಂದು ಏಳುತ್ತಿದ್ದಳು. ಹುಡುಗಿ ದಿನೇ ದಿನೇ ಸೊರಗಿದಳು. ಆ ತಗ್ಗು ಕಣ್ಣಿಗೆ ಬೀಳದಂತಾದರೆ ಮಗಳು ಉಂಡಾಳು ಎಂದು ತಂದೆಗೆ ತೋಚಿತು. ಬೆಂಚನ್ನು ಬಿಚ್ಚಿ, ಹಲಗೆಯನ್ನು ಸಮ ಮಾಡಿ, ಇಬ್ಬರೂ ಕೂತು ಉಣ್ಣಲು ಒಂದು ಸಣ್ಣ ಮೇಜು ಮಾಡಲು ಹೊರಟ.

ಅವನು ಯಂತ್ರ ತಂದ. ಹೆಂಡತಿ ಕೂರುತ್ತಿದ್ದ ಮುಖವನ್ನು ನೋಡಲಾರದೆ ಅದನ್ನು ಕೆಳಗೆ ಮಾಡಿ ಹಲಗೆಯನ್ನು ಒಳಕ್ಕೆ ತಳ್ಳಿದ. ಉರುಳೆಗಳು ಹಲಗೆಯನ್ನು ಒತ್ತಿ ಹಿಡಿದವು. ಅಲಗು ಮೇಲಿನ ಪದರವನ್ನು ಕೀಸಿತು. ಅಲಗಿನ ಕೆಳಗೆ ಹಲಗೆ ನೆಟ್ಟಗಿತ್ತು. ಆದರೆ ಆ ಬದಿಯಿಂದ ಹೊರಬಂದು ಉರುಳೆಯ ಹಿಡಿತ ತಪ್ಪಿದ ಕೂಡಲೇ ಕಿರ್ರೆಂದಿತು. ನೋಡಿದರೆ ಮೈ ನುಣುಪಾಗಿತ್ತು, ಬಾಗು ಹಾಗೇ ಇತ್ತು.

ಮತ್ತೆ ತಳ್ಳಿದ. ಮತ್ತೆ ಕಿರ್ರೆಂದಿತು. ಒಳಗಿನ ಕೋಣೆಯಿಂದ ಮಗಳು ಕೇಳಿದಳು: "ಅಪ್ಪಾ, ಅಮ್ಮ ಎದ್ದಳಾ?"

ಅವನು ಯಂತ್ರವನ್ನು ಅಂಗಡಿಗೆ ಹೊತ್ತೊಯ್ದು ಇದು ಕೆಟ್ಟಿದೆ ಎಂದು ದೂರಿದ. ವ್ಯಾಪಾರಿ ನಕ್ಕ. "ಕೆಟ್ಟಿಲ್ಲ ಯಜಮಾನರೇ. ಇದಕ್ಕೆ ಕಣ್ಣಿಲ್ಲ, ಕೆಳಗಿನ ಮುಖ ಹೇಗಿದೆಯೋ ಮೇಲಿನದನ್ನೂ ಹಾಗೇ ಮಾಡುತ್ತದೆ. ಮೊದಲು ಆ ಕೆಳಗಿನ ಮುಖವನ್ನು ನೀವೇ ಕೈಯಲ್ಲಿ ಕೀಸುಳಿ ಹಿಡಿದು, ಸವರಿ ಸವರಿ ಸಮ ಮಾಡಿಕೊಳ್ಳಬೇಕು."

"ಅದೊಂದು ನನ್ನಿಂದಾಗದು. ಇದಕ್ಕಿಂತ ಭಾರದ ಯಂತ್ರವಿದ್ದರೆ ಕೊಡಿ," ಎಂದ ಗೃಹಸ್ಥ.

ಭಾರದ ಯಂತ್ರ ಬಂತು. ಅದು ಇನ್ನೂ ಬಲವಾಗಿ ಒತ್ತಿತು. ಬಿಟ್ಟಾಗ ಹಲಗೆ ಇನ್ನೂ ಜೋರಾಗಿ ಕಿರ್ರೆಂದಿತು. ಅವನು ಹಟ ಬಿಡಲಿಲ್ಲ. ಅಲಗನ್ನು ಇಳಿಸುತ್ತಾ ಹೋದ. ಹಲಗೆ ತೆಳ್ಳಗಾಯಿತು, ಕೋಣೆಯ ತುಂಬ ಮರದ ಹೊಟ್ಟು ಬಿತ್ತು. ಆ ಹೊಟ್ಟಿಗೆ ಹೆಂಡತಿಯ ಕೂದಲಿನ ಎಣ್ಣೆಯ ವಾಸನೆಯಿತ್ತು. ಅವನು ಕೀಸುತ್ತಿದ್ದುದು ಅವಳು ಕೂರುತ್ತಿದ್ದ ಮುಖವನ್ನಲ್ಲ. ಆದರೂ ವಾಸನೆಯಿತ್ತು.

ಕೊನೆಗೆ ಹಲಗೆ ಸ್ಲೇಟಿನಷ್ಟು ತೆಳುವಾದಾಗ ಅವನು ಯಂತ್ರ ನಿಲ್ಲಿಸಿದ. ನುಣುಪಾದ ಮುಖವನ್ನು ಮೇಲೆ ಮಾಡಿ ನಾಲ್ಕು ಕಾಲುಗಳ ಮೇಲೆ ಕೂರಿಸಿದ. ಎರಡು ತಟ್ಟೆ ಇಟ್ಟು ಮಗಳನ್ನು ಕರೆದ. ಮೇಜಿನ ನಡುವೆ ಹಲಗೆ ಉಬ್ಬಿಕೊಂಡಿತ್ತು, ಕೆಳಗಿನಿಂದ ಯಾರೋ ಬೆನ್ನು ಕೊಟ್ಟು ಕೂತ ಹಾಗೆ. ಅವನ ತಟ್ಟೆ ಮೆಲ್ಲಗೆ ಈ ಕೊನೆಗೆ ಜಾರಿತು. ಮಗಳ ತಟ್ಟೆ ಆ ಕೊನೆಗೆ ಜಾರಿತು.

ಮಗಳು ಬಗ್ಗಿ ಮೇಜಿನ ಕೆಳಗೆ ನೋಡಿದಳು.

"ಅಮ್ಮನನ್ನು ಯಾಕಪ್ಪಾ ಕೆಳಗೆ ಕೂರಿಸಿದೆ?" ಎಂದಳು.

ತಟ್ಟೆ ಎತ್ತಿಕೊಂಡು ಮೇಜಿನ ಕೆಳಗೆ ಸರಿದಳು. ಅಲ್ಲೇ ಕೂತು, ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು. ತಂದೆ ಮೇಲೆ ಒಬ್ಬನೇ ತಟ್ಟೆಯನ್ನು ಜಾರದಂತೆ ಹಿಡಿದು ಕೂತಿದ್ದ. ಕೆಳಗೆ ಅವಳು ಯಾರೊಡನೆಯೋ ಸಣ್ಣ ದನಿಯಲ್ಲಿ ಮಾತಾಡುವುದು ಅವನಿಗೆ ಕೇಳಿಸುತ್ತಿತ್ತು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಆಮೇಲಾದರೂ ಆ ಗೃಹಸ್ಥ ಹಲಗೆಯನ್ನು ತಿರುಗಿಸಿ ಆ ಮುಖವನ್ನು ಕೈಯಾರೆ ಸವರಿ ಸಮ ಮಾಡಿದನೇ ಎಂದು ಹಾಲಪ್ಪ ಕೇಳಿದ.

"ಅವನ ಹಲಗೆಯಲ್ಲಿ ಅಷ್ಟು ದಪ್ಪ ಉಳಿದಿರಲಿಲ್ಲ ಹಾಲಪ್ಪ, ನಿನ್ನ ಮಂಚವನ್ನು ಇನ್ನೂ ಯಾರೂ ಕೀಸಿಲ್ಲ."