ನಾಲ್ಕು ಮೋಟಾರಿನ ಹಲಗೆ

ಗದಗಿನ ಮೆಕ್ಯಾನಿಕ್ ಯಮನೂರಪ್ಪ ಒಂದು ಹಲಗೆಗೆ ನಾಲ್ಕು ಚಕ್ರ, ಚಕ್ರಕ್ಕೊಂದು ಮೋಟಾರು, ಒಂದು ಬ್ಯಾಟರಿ ಜೋಡಿಸಿ, ಓಡಿಸಲು ಕೈಯಲ್ಲಿ ಹಿಡಿಯುವ ರಿಮೋಟೊಂದನ್ನು ಮಾಡಿಕೊಂಡ. ಅದರ ಮೇಲೆ ನಿಂತು ಕಲ್ಲುಗುಡ್ಡ ಹತ್ತಿ ಇಳಿದ. ಕೆಳಗೆ ಇನ್‌ಸ್ಪೆಕ್ಟರ್ ಕಾಯುತ್ತಿದ್ದರು.

"ನಂಬರ್ ಪ್ಲೇಟ್ ಇಲ್ಲದ ವಾಹನ. ಜಪ್ತಿ. ಸ್ಟೇಷನ್ನಿಗೆ ತಗೊಂಡು ಬಾ."

"ನಾ ಓಡಿಸಿದ್ರ ಇನ್ನೊಂದು ಕೇಸ್ ಆಗ್ತೈತ್ರಿ ಸಾಹೇಬ್ರ. ನೀವ ಓಡಿಸ್ರಿ," ಎಂದು ಯಮನೂರಪ್ಪ ರಿಮೋಟನ್ನು ಅವರ ಕೈಗಿಟ್ಟ.

ಇನ್‌ಸ್ಪೆಕ್ಟರ್ ಗತ್ತಿನಿಂದ ಹತ್ತಿ ಗುಂಡಿ ಒತ್ತಿದರು. ಹಲಗೆ ಮುಂದೆ ಹೋಯಿತು. ಅವರು ಜಾಲಿಗಿಡದಲ್ಲಿ ಉಳಿದರು.

ಯಮನೂರಪ್ಪ ಓಡಿಬಂದು ಎಬ್ಬಿಸಿದ. "ಪೆಟ್ಟಾತೇನ್ರಿ? ನೀವು ಹೆಲ್ಮೆಟ್ ಸೈತ ಹಾಕಿರ್ಲಿಲ್ಲ. ಈಗ ಕೇಸ್ ಯಾರ ಮ್ಯಾಲೆ ಬರೀತೀರಿ?"

ಇನ್‌ಸ್ಪೆಕ್ಟರ್ ಅಂಗಿಯಿಂದ ಮುಳ್ಳು ಕೀಳುತ್ತಾ ಕಾನೂನನ್ನು ಮತ್ತೊಮ್ಮೆ ಆಲೋಚಿಸಿದರು.

"ಇದ್ಯಾವ ಸೀಮೆ ವಾಹನ? ಹುಡುಗರ ಆಟಿಕೆ. ತಗೊಂಡು ಹೋಗು."